ತಲೆ ಬಾಲ ಕೂಡುವ ಮೊದಲು

ಬಚ್ಚಲುಮನೆಯ ಬಾಗಿಲಿಗೆ ಅಗುಳಿ ಹಾಕಿದ ಮೇಲೂ ರವಿಚಂದ್ರ ಅದನ್ನು ಎರಡು ಸಲ ಎಳೆದು ನೋಡಿದ. ಹೊರಗೆ ಅಮ್ಮ ಹಂಡೆಯ ಒಲೆಗೆ ತೆಂಗಿನ ಮಡಲು ತುರುಕುತ್ತಿರುವ ಸದ್ದು ಕೇಳುತ್ತಿತ್ತು; ಆ ಸದ್ದು ನಿಂತರೆ ಅವಳು ಇತ್ತ ಕಿವಿಗೊಟ್ಟಿದ್ದಾಳೆಂದು ಅರ್ಥ. ಅಂಗಿ ತೆಗೆದ. ಬನಿಯನ್ ತೆಗೆದ. ಅದರ ಒಳಗೆ, ಎದೆಯಿಂದ ಹೊಕ್ಕುಳವರೆಗೆ ಬಿಗಿಯಾಗಿ ಹಿಡಿದಿದ್ದ ಚರ್ಮದ ಬಣ್ಣದ ಇನ್ನೊಂದು ಬನಿಯನ್, ಅದಕ್ಕೆ ಮುಂದೆ ಸಾಲಾಗಿ ಕೊಕ್ಕೆಗಳು, ಕೊಕ್ಕೆಗಳ ಮೇಲೊಂದು ಝಿಪ್. ಝಿಪ್ಪಿನ ಸದ್ದು ಹೊರಗೆ ಹೋಗಬಾರದೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದ. ಮೂರು ವಾರದ ಹಿಂದೆ ನೇರಳೆಯಾಗಿದ್ದ ಎದೆ ಈಗ ಅಲ್ಲಲ್ಲಿ ಹಸಿರು, ಅಲ್ಲಲ್ಲಿ ಹಳದಿ. ಎರಡೂ ಕಂಕುಳ ಕೆಳಗೆ ಅಕ್ಕಿಕಾಳಿನಷ್ಟು ಹೊಲಿಗೆಯ ಗುರುತು. ನಡುವೆ ಚಪ್ಪಟೆ. ಹನ್ನೆರಡನೆಯ ವಯಸ್ಸಿನಿಂದ ಮೂವತ್ತೆಂಟರವರೆಗೆ ಅವನು ಹೊತ್ತು ತಿರುಗಿದ ಆ ಎರಡು ಮೆತ್ತನೆಯ ಉಬ್ಬುಗಳು ಇಲ್ಲ. ಅದನ್ನು ನೋಡಿ ಸಂತೋಷಪಡಬೇಕೆಂದು ಪ್ರತಿ ಬೆಳಿಗ್ಗೆ ಅಂದುಕೊಳ್ಳುತ್ತಾನೆ, ಪ್ರತಿ ಬೆಳಿಗ್ಗೆ ಮೊದಲು ಹುಡುಕುವುದು ಮಾತ್ರ ತಪ್ಪನ್ನು: ಎಡಕ್ಕಿಂತ ಬಲ ಸ್ವಲ್ಪ ದಪ್ಪವಿದೆಯೇ, ಒಳಗೆ ಗಂಟು ಕಟ್ಟಿದೆಯೇ, ನೀರು ತುಂಬಿದೆಯೇ. ತಣ್ಣೀರಿನ ಚೊಂಬನ್ನು ಎದೆಗೆ ಒತ್ತಿದ. ತಣ್ಣಗಿದೆಯೆಂದು ಕೈಗೆ ಗೊತ್ತಾಯಿತು, ಎದೆಗೆ ಗೊತ್ತಾಗಲಿಲ್ಲ. ಸ್ಪರ್ಶ ಮರಳಲು ಆರು ತಿಂಗಳಾಗಬಹುದು ಎಂದು ಡಾಕ್ಟರು ಹೇಳಿದ್ದರು. ಆಗಬಹುದು ಎಂದರೇ, ಆಗುತ್ತದೆ ಎಂದರೇ ಎಂದು ಅವನು ಮೂರು ವಾರದಿಂದ ಯೋಚಿಸುತ್ತಿದ್ದ.

ಮಡಲಿನ ಸದ್ದು ನಿಂತಿತು.

"ರವೀ, ತಲಿ ಎಲ್ಲಿಗ್ ಬಂತಾ? ಬೆನ್ನ್ ಬದಿಗ್ ಹೋಯ್ತಾ?"

"ಇಲ್ಲೆ ಅಮ್ಮ. ಅಲ್ಲೇ ಇತ್ತ್."

"ಸಮಾ ಕಂಡ್ಯಾ? ಕನ್ನಡಿ ಹಿಡ್ಕಂಡ್ ಕಾಣ್. ತಲಿ ಬಾಲ ಕೂಡುಕಾಗ ಮತ್ತೆ."

ಅಮ್ಮ ಕೇಳುತ್ತಿದ್ದದ್ದು ಹಾವಿನ ತಲೆಯನ್ನು. ಅವಳ ಲೆಕ್ಕದಲ್ಲಿ ಮಗನಿಗೆ ಆಗಿರುವುದು ಸರ್ಪಸುತ್ತು. ಬೊಕ್ಕೆಗಳು ಪಕ್ಕೆಯಿಂದ ಹೊರಟು ಎದೆಯನ್ನು ಸುತ್ತುತ್ತಾ ಹೋಗಿ, ತಲೆಯೂ ಬಾಲವೂ ಕೂಡಿದ ದಿನ ಮನುಷ್ಯ ಉಳಿಯುವುದಿಲ್ಲ. ಅವನು ಮತ್ತೆ ಆ ಬನಿಯನ್ನನ್ನು ಸುತ್ತಿಕೊಂಡು, ಉಸಿರು ಎಳೆದು, ಕೆಳಗಿನಿಂದ ಒಂದೊಂದೇ ಕೊಕ್ಕೆ ಸೇರಿಸುತ್ತಾ ಬಂದ. ಕೊನೆಯ ಕೊಕ್ಕೆ ಕೂಡಿಸಿ ಝಿಪ್ ಎಳೆದ.

ಈ ಸುಳ್ಳನ್ನೇ ಹೇಳಬೇಕೆಂದು ಹೇಳಿದ್ದಲ್ಲ. ಉಡುಪಿಯಲ್ಲಿ ಸೊಸೈಟಿಯ ಗುಮಾಸ್ತರಿಗೆ ಎರಡು ದಿನದ ತರಬೇತಿ ಎಂದು ಮನೆಯಲ್ಲಿ ಹೇಳಿ ಹೋದವನು, ಬ್ರಹ್ಮಾವರದಿಂದ ತೆಕ್ಕಟ್ಟೆಯವರೆಗೆ ಬಸ್ಸಿನಲ್ಲಿ ನಿಂತೇ ಬರುವಾಗ ಮೂರು ಉತ್ತರ ಸಿದ್ಧ ಮಾಡಿಕೊಂಡಿದ್ದ: ಜಾರಿ ಬಿದ್ದೆ, ನರ ಹಿಡಿದುಕೊಂಡಿದೆ, ಬೆನ್ನಿಗೆ ಬೆಲ್ಟು ಹಾಕಲು ಹೇಳಿದ್ದಾರೆ. ಜಗಲಿಯಲ್ಲಿ ಚಪ್ಪಲಿ ಬಿಡಲು ಬಗ್ಗಿದಾಗ ಅಮ್ಮನ ಕೈ ಬೆನ್ನಿಗೆ ತಾಗಿತು. ಎಂತ ಕಟ್ಟಿದ್ದೆ ಮಗಾ, ಎಂದಳು. ಮೂರೂ ಉತ್ತರಗಳು ಎಲ್ಲಿ ಹೋದವೋ, ಬಾಯಿಂದ ಬಂದದ್ದು ನಾಲ್ಕನೆಯದು. ಹಿಂದಿನ ತಿಂಗಳು ಸೊಸೈಟಿಯ ಅಟೆಂಡರ್ ಕಿಟ್ಟನಿಗೆ ಸರ್ಪಸುತ್ತು ಆಗಿತ್ತು. ಹದಿನೈದು ದಿನ ಯಾರೂ ಅವನ ಹತ್ತಿರ ಸುಳಿದಿರಲಿಲ್ಲ, ಯಾರೂ ತೋರಿಸು ಅಂದಿರಲಿಲ್ಲ. ಮುಟ್ಟಬಾರದ, ನೋಡಬಾರದ ಕಾಯಿಲೆ ಎಂದು ರವಿಚಂದ್ರನ ಮನಸ್ಸಿನ ಯಾವುದೋ ಮೂಲೆ ಅದನ್ನು ಎತ್ತಿಟ್ಟುಕೊಂಡಿತ್ತು. ಕಿಟ್ಟ ಘಟ್ಟದ ಮೇಲಿನವನು, ಅವನಿಗೆ ಇಲ್ಲಿ ನಾಗಬನವೂ ಇಲ್ಲ, ಕುಟುಂಬವೂ ಇಲ್ಲ ಎಂಬುದನ್ನು ಆ ಮೂಲೆ ಮರೆತಿತ್ತು. ಈ ಊರಿನಲ್ಲಿ ಜ್ವರ ಒಬ್ಬನಿಗೆ ಬರುತ್ತದೆ, ಸರ್ಪಸುತ್ತು ಇಡೀ ಕುಟುಂಬಕ್ಕೆ ಬರುತ್ತದೆ. ಸಂಜೆಯೊಳಗೆ ಅಮಾಸೆಬೈಲಿನ ಮಾವನ ಫೋನು ಬಂದಿತ್ತು: ಬನದ ಹತ್ತಿರ ಯಾರು ಮಣ್ಣು ತೆಗೆದದ್ದು? ದೊಡ್ಡಪ್ಪನ ಮಗ ರತೀಶ ಬನದ ಗಡಿಗೆ ತಾಗಿ ಕಾರು ನಿಲ್ಲಿಸಲು ಸಿಮೆಂಟು ಹಾಕಿಸಿದ್ದು ಮರುದಿನವೇ ಎಲ್ಲರ ನೆನಪಿಗೆ ಬಂತು. ವಾರದೊಳಗೆ ರತೀಶ ಆ ಸಿಮೆಂಟನ್ನು ತಾನೇ ಹಾರೆ ಹಿಡಿದು ಒಡೆದು ತೆಗೆದ. ಒಡೆಯುವಷ್ಟು ಹೊತ್ತೂ ಆ ಏಟುಗಳ ಸದ್ದು ಗದ್ದೆ ದಾಟಿ ಬರುತ್ತಿತ್ತು. ಒಳಕೋಣೆಯಲ್ಲಿ ಮಲಗಿದ್ದ ರವಿಚಂದ್ರ ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಂಡಿದ್ದ.

ಅದಕ್ಕಿಂತ ದೊಡ್ಡದು ಅಮ್ಮನ ಹರಕೆ. ಮಗನನ್ನು ಸರ್ಪ ಬಿಡುವವರೆಗೆ ಒಪ್ಪತ್ತು: ಮಧ್ಯಾಹ್ನ ಒಂದು ಊಟ, ರಾತ್ರಿ ಬರೀ ನೀರು. ಅರವತ್ತಾರು ವರ್ಷದ ಕಮಲಮ್ಮನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಗುಳಿಗೆ ಬಿಡುವುದಿಲ್ಲ, ಊಟ ಬಿಟ್ಟಿದ್ದಾಳೆ. ಮೊನ್ನೆ ತುಳಸಿಗೆ ನೀರು ಹಾಕುವಾಗ ಕಟ್ಟೆಯನ್ನು ಹಿಡಿದುಕೊಂಡು ನಿಂತುಬಿಟ್ಟಳು, ಹಣೆಯೆಲ್ಲ ಬೆವರು. ಎಂತ ಇಲ್ಲೆ, ಕಣ್ಣ್ ಕತ್ಲಿ ಬಂತ್, ಎಂದಳು. ಅಂದಿನಿಂದ ಅವನು ಸಂಜೆ ಅವಳ ಸಪ್ಪೆ ಚಾಯಿಗೆ ಯಾರಿಗೂ ಕಾಣದ ಹಾಗೆ ಒಂದು ಚಮಚ ಸಕ್ಕರೆ ಹಾಕಿ ಕಲಸಿಡುತ್ತಿದ್ದ. ಅವಳು ಒಂದು ಗುಟುಕು ಕುಡಿದು ಸೊಸೆಯತ್ತ ನೋಡುತ್ತಾಳೆ, ಸೊಸೆ ಚೇತನಾ ಅವನತ್ತ ನೋಡುತ್ತಾಳೆ, ಅವನು ಪೇಪರಿನತ್ತ. ಸಕ್ಕರೆ ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ. ಎಷ್ಟು ಹಾಕಬೇಕೆಂದು ಯಾರನ್ನು ಕೇಳುವುದು? ಕೇಳಿದರೆ ಏಕೆ ಎನ್ನುತ್ತಾರೆ. ಎಲ್ಲರೂ ಏಕೆ ಎನ್ನುವವರೇ.

ಬ್ರಹ್ಮಾವರದಲ್ಲಿ ಟೈಲ್ಸ್ ಅಂಗಡಿಯ ಮಹಡಿಯ ಮೇಲಿನ ಆ ಕ್ಲಿನಿಕ್ಕನ್ನು ಆರಿಸಿದ್ದೇ ಆ ಕಾರಣಕ್ಕೆ. ಕುಂದಾಪುರದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಇಳಿಯುವುದರೊಳಗೆ ನಾಲ್ಕು ಜನ ನೆಂಟರು ಸಿಗುತ್ತಾರೆ. ಟೈಲ್ಸ್ ನೋಡಲು ಬಂದವನಂತೆ ಹತ್ತು ನಿಮಿಷ ಕೆಳಗೆ ನಿಂತು, ಬಾತ್‌ರೂಮಿನ ಟೈಲ್ಸಿನ ದರ ಕೇಳಿ, ಆಮೇಲೆ ಮೆಟ್ಟಿಲು ಹತ್ತಿದ್ದ. ರಕ್ತ ಪರೀಕ್ಷೆಗೆ ಕೈ ಚಾಚಿದಾಗ ನರ್ಸ್, ಮನಿ ಎಲ್ಲಾಯ್ತ್, ಎಂದಳು. ಬೈಂದೂರು ಎಂದ. ಬೈಂದೂರಂಗೆ ಎಲ್ಲಿ, ನನ್ ಅಪ್ಪನ್ ಮನಿ ಅಲ್ಲೇ, ಎಂದು ಅವಳ ಮುಖ ಅರಳಿತು. ಅವನು ಸೂಜಿ ನೋಡಿ ಹೆದರಿದವನಂತೆ ಕಣ್ಣು ಮುಚ್ಚಿಕೊಂಡ. ಆಪರೇಷನ್ನಿನ ದಿನ ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲದೆ, ಎದೆಯ ಕೂದಲು ಬೋಳಿಸಿಕೊಂಡು, ಬಿಳಿ ಗೋಡೆಗೆ ಬೆನ್ನು ಮಾಡಿ ನಿಂತಾಗ ಅವರು ಮೊಬೈಲಿನಲ್ಲಿ ಫೋಟೋ ತೆಗೆದರು; ಎದುರಿನಿಂದ, ಎಡದಿಂದ, ಬಲದಿಂದ. ಮುಖ ಬರುವುದಿಲ್ಲ, ಎಂದರು. ಬರುವುದಿಲ್ಲವೆಂದು ಹೇಗೆ ನಂಬುವುದು? ಡಾಕ್ಟರು ನೀಲಿ ಪೆನ್ನು ತೆಗೆದುಕೊಂಡು ಅವನ ಎದೆಯ ಮೇಲೆ ವೃತ್ತದೊಳಗೆ ವೃತ್ತ ಬರೆದರು, ಗುಡ್ಡದ ನಕಾಶೆ ಬರೆಯುವ ಹಾಗೆ. ಕೊಬ್ಬು ಮಾತ್ರ ಎಳೆದು ತೆಗೆಯುತ್ತೇವೆ, ತೂಕ ಇಳಿಯುವುದಿಲ್ಲ, ಎಂದರು. ಅವರ ಪೆನ್ನಿನ ತುದಿ ಚರ್ಮದಲ್ಲಿ ಕುಳಿ ಮಾಡುತ್ತಾ ಹೋಗುವುದು ಗೊತ್ತಾಗುತ್ತಿತ್ತು. ಆಗ ಇನ್ನೂ ಎಲ್ಲ ಗೊತ್ತಾಗುತ್ತಿತ್ತು. ಮುಂಬಯಿಯ ಕ್ಯಾಂಟೀನಿನಲ್ಲಿ ಹಗಲು ಇಡ್ಲಿ ಹಾಕಿ ಸಂಜೆ ಕಾಲೇಜಿಗೆ ಓಡುತ್ತಿದ್ದ ಆ ನಾಲ್ಕು ವರ್ಷ, ಒಲೆಯ ಮುಂದೆ ಉಳಿದವರೆಲ್ಲ ಬರಿಮೈಯಲ್ಲಿದ್ದಾಗ ಅವನೊಬ್ಬ ಮಾತ್ರ ಅಂಗಿಯ ಗುಂಡಿ ಬಿಚ್ಚುತ್ತಿರಲಿಲ್ಲ. ಗೋಡಂಬಿ ಡಬ್ಬಿ ಕಾಣೆಯಾದ ದಿನ ಮ್ಯಾನೇಜರ್ ನೇರ ಅವನ ಬಳಿಗೇ ಬಂದು ಅಂಗಿಯ ಮೇಲಿನಿಂದ ಎದೆ ಹಿಸುಕಿದ. ಒಂದು ಕ್ಷಣ ಮ್ಯಾನೇಜರನ ಮುಖ ಅರ್ಥವಾಗದೆ ನಿಂತಿತು, ಆಮೇಲೆ ನಗು. ಕಳ್ಳ ಅಲ್ಲ ಎಂದು ಸಾಬೀತಾದದ್ದು ಹಾಗೆ. ಅದಕ್ಕೂ ಹಿಂದೆ, ಹದಿಮೂರನೆಯ ವಯಸ್ಸಿನಲ್ಲಿ, ನಾಗರಪಂಚಮಿಯ ದಿನ ಬನದಲ್ಲಿ ಗಂಡಸರೆಲ್ಲ ಅಂಗಿ ಕಳಚಿ ನಿಂತಾಗ ರತೀಶ ಕೂಗಿದ್ದ: ಕಾಣಿ, ಕಾಣಿ, ಇವ್ನಿಗ್ ಸ್ತ್ರೀವೇಷಕ್ಕೆ ಅರ್ವಿ ತುಂಬುದೇ ಬ್ಯಾಡ! ದೊಡ್ಡವರೂ ನಕ್ಕಿದ್ದರು. ಪೂಜೆ ಮಾಡುತ್ತಿದ್ದ ಭಟ್ಟರೂ ತಿರುಗಿ ನೋಡಿದ್ದರು. ಅಂದಿನಿಂದ ಪ್ರತಿ ಪಂಚಮಿಗೆ ಎದೆಯ ಮೇಲೆ ಕೈಕಟ್ಟಿ, ಮೇಲೆ ಶಾಲು ಹೊದ್ದು ನಿಲ್ಲುತ್ತಾನೆ. ಈ ವರ್ಷ ನಿಲ್ಲಬಾರದೆಂದೇ ಆಷಾಢದಲ್ಲಿ ಇದನ್ನು ಮುಗಿಸಿಕೊಂಡದ್ದು. ಪಂಚಮಿಗೆ ಇನ್ನು ಎರಡೇ ದಿನ.

ಸ್ನಾನ ಮುಗಿಸಿ ಅಟ್ಟಕ್ಕೆ ಹತ್ತಿದ. ತೊಳೆದು ಹಾಕಿದ್ದ ಎರಡನೆಯ ಬಿಗಿ ಬನಿಯನ್ ಹಳೆಯ ಚಾಪೆಯ ಹಿಂದೆ ಇರಬೇಕಿತ್ತು, ಇರಲಿಲ್ಲ. ಮಳೆಗಾಲದಲ್ಲಿ ಅದು ಎರಡು ದಿನವಾದರೂ ಒಣಗುತ್ತಿರಲಿಲ್ಲ, ಅರೆಹಸಿಯದನ್ನೇ ಹಾಕಿಕೊಂಡು ತುರಿಸಿಕೊಳ್ಳುತ್ತಿದ್ದ. ಕಳೆದ ವಾರ ಎರಡು ಸಲ ಮಾತ್ರ ಗರಿಗರಿಯಾಗಿ ಒಣಗಿ ಸಿಕ್ಕಿತ್ತು. ಆಗಲೇ ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ, ಯಾರ ಮೇಲೆ ಎಂದು ನಿರ್ಧಾರವಾಗಿರಲಿಲ್ಲ. ಕೆಳಗಿಳಿದಾಗ ಚೇತನಾ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ, ತಲೆ ಎತ್ತದೆ ಹೇಳಿದಳು:

"ಅಟ್ಟದಂಗೆ ಒಣ್ಗುದಿಲ್ಲೆ ಅದ್. ಫ್ರಿಜ್ಜಿನ್ ಹಿಂದ್ ಬಿಸಿ ಇತ್ತ್, ಅಲ್ ಹಾಕಿದ್ದೆ. ತಕಣಿ."

ಅವನು ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿ ಅವಳತ್ತ ತಿರುಗಿದ.

"ಎಂತ ಕಾಂತ್ರಿ? ಬ್ರಹ್ಮಾವರದ ಚೀಟಿ ನಿಮ್ ಪ್ಯಾಂಟಿನ್ ಕಿಸಿಯಂಗ್ ಇತ್ತ್. ಎದಿ ಆಪರೇಷನ್ ಅಂದ್ ಕಂಡ್ಕೂಡ್ಲೆ ಕ್ಯಾನ್ಸರೇ ಸೈ ಅಂದ್ಕಂಡೆ. ಎರಡ್ ದಿನ ನಂಗೆ ಅನ್ನ ಇಳಿಲಿಲ್ಲೆ. ಕಡಿಗ್ ಆ ಚೀಟಿಯಂಗಿದ್ ನಂಬ್ರಕ್ಕೇ ಫೋನ್ ಮಾಡ್ದೆ."

"ಅವ್ರ್ ಹೇಳುಕಾಗ ಅಲ್ದಾ ಅದನ್ನ," ಎಂದ. ಹೇಳಬೇಕಾದ ಮಾತು ಅದಲ್ಲವೆಂದು ಹೇಳಿದ ಮೇಲೆ ಗೊತ್ತಾಯಿತು.

"ಹೆಂಡ್ತಿ ಅಂದೆ, ಹೇಳ್ರ್." ತುರಿಯುವುದು ನಿಂತಿತು. "ಹನ್ನೊಂದ್ ವರ್ಷ ಆಯ್ತ್. ನೀವ್ ದೀಪ ಆರ್ಸದ್ದೇ ಬನಿನ್ ತೆಗ್ದದ್ ನಾ ಕಂಡಿಲ್ಲೆ. ನಂಗೆ ಗೊತ್ತಿಲ್ಲೆ ಅಂದ್ಕಂಡಿದ್ರ್ಯಾ? ಮಾಡ್ಸ್ಕಂಡದ್ಕೆ ನಾ ಎಂತ ಹೇಳುದಿಲ್ಲೆ. ನಡುಮಧ್ಯ ನಾಗನ್ನ ಎಂತಕ್ ತಂದ್ರಿ? ಅತ್ತಿ ಬೀಳ್ತ್ರ್ ಒಂದ್ ದಿನ. ನಾ ಅವ್ರಿಗ್ ಹೇಳುದಿಲ್ಲೆ. ನೀವೇ ಹೇಳ್ಕ್."

ಹೇಳಬೇಕೆಂದು ಅವನು ಜಗಲಿಗೆ ಹೋದ. ಅಮ್ಮ ಅಲ್ಲಿ ಒಬ್ಬಳೇ ಇರಲಿಲ್ಲ. ಛತ್ರಿ ಮಡಿಸಿ ಗೋಡೆಗೊರಗಿಸಿ ವನಜಕ್ಕ ಕೂತಿದ್ದಳು. ಸರ್ಪಸುತ್ತಿಗೆ ಕಾವಿಮಣ್ಣು ಬರೆದು ಇಳಿಸುವುದರಲ್ಲಿ ತೆಕ್ಕಟ್ಟೆಯಿಂದ ಕೋಟದವರೆಗೆ ಹೆಸರಾದವಳು. ಅಮ್ಮ ಅವನಿಗೆ ತಿಳಿಸದೆ ಕರೆಸಿದ್ದಳು. ತಿಳಿಸಿದ್ದರೆ ಅವನು ಆ ದಿನ ಮನೆಯಲ್ಲಿ ಇರುತ್ತಿರಲಿಲ್ಲ ಎಂದು ಅವಳಿಗೆ ಹೇಗೆ ಗೊತ್ತಾಯಿತು? ಅಥವಾ ಅವಳಿಗೂ ಏನಾದರೂ ಗೊತ್ತಿದೆಯೇ? ಅಮ್ಮನ ಮುಖ ನೋಡಿದ. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಮಾತ್ರ ದೊಡ್ಡದಾಗಿತ್ತು. ವನಜಕ್ಕ ಅವನನ್ನು ಒಳಕೋಣೆಗೆ ಕರೆದು, ಬರೆಯುವಾಗ ಯಾರೂ ನೋಡಬಾರದೆಂದು ಬಾಗಿಲು ಹಾಕಿ, ಗರಿಕೆಯ ರಸದಲ್ಲಿ ಕಾವಿಮಣ್ಣು ಕಲಸಿಟ್ಟುಕೊಂಡು, ಅಂಗಿ ತೆಗೀ ಮಗಾ, ಎಂದಳು. ಅವನು ಅಂಗಿ ತೆಗೆದ. ಬನಿಯನ್ ತೆಗೆದ. ವನಜಕ್ಕ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು.

"ಇದ್ ಯಾವ್ ಜಾತಿ ಹಾವ್ ಮಾರಾಯಾ, ಝಿಪ್ ಇದ್ದದ್?"

ಅವನು ಬಾಗಿಲಿನತ್ತ ಒಮ್ಮೆ ನೋಡಿ ಅವಳೆದುರು ಕೂತ. ನಂತರ ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದ. ಹೇಳುತ್ತಾ ಹೋದಂತೆ ಅದು ಎಷ್ಟು ಸಣ್ಣ ವಿಷಯವಾಗಿ ಕೇಳಿಸಿತೆಂದರೆ ಅವಮಾನ ಇನ್ನಷ್ಟು ಹೆಚ್ಚಾಯಿತು. ವನಜಕ್ಕ ಬಟ್ಟಲಿನ ಕಾವಿಯನ್ನು ಬೆರಳಿನಿಂದ ಸುಮ್ಮನೆ ತಿರುಗಿಸುತ್ತಿದ್ದಳು.

"ಇಲ್ಲದ್ ಕಾಯ್ಲಿಗೆ ನಾ ಕಾವಿ ಬರಿಯುದಿಲ್ಲೆ. ನನ್ ಕೈಗುಣ ಹೋತ್ತ್ ಮತ್ತೆ. ಬಿಟ್ಟಿತ್ ಅಂದೇಳಿ ಬೇಕಾರ್ ಹೇಳ್ತೆ, ಅದ್ ಸುಳ್ಳಲ್ಲ, ನಿನ್ ಮೈ ಮೇಲೆ ಸರ್ಪ ಇಲ್ಲೆ. ಮುಂದಿಂದ್ ನೀನ್ ಹೊತ್ಕಂಬುದ್. ಎಂತ ಹೇಳ್ಕ್, ಹೇಳ್."

ಬಾಗಿಲಿನ ಆಚೆ ಅಮ್ಮನ ಕಾಲಿನ ಸಪ್ಪಳ ಬಂದು ನಿಂತಿತು. ಅವಳು ಉಸಿರಾಡುವುದು ಕೇಳುತ್ತಿತ್ತು.

"ಬಿಟ್ಟಿತ್ ಅಂತ್ಲೇ ಹೇಳಿ," ಎಂದ ರವಿಚಂದ್ರ.

ಪಂಚಮಿಯ ಬೆಳಿಗ್ಗೆ ಮಳೆ ಬಿಟ್ಟುಬಿಟ್ಟು ಬರುತ್ತಿತ್ತು. ಬನದ ಎದುರು ನಲವತ್ತು ಜನ ಸೇರಿದ್ದರು. ಗಂಡಸರು ಅಂಗಿಗಳನ್ನು ಒಂದರ ಮೇಲೊಂದು ಛತ್ರಿಯ ಕೆಳಗೆ ರಾಶಿ ಹಾಕಿದ್ದರು. ಬಿಗಿ ಬನಿಯನ್ನನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ಅವನಿಗೆ ಮೈ ತೂಕವಿಲ್ಲದಂತೆ, ಎಲ್ಲೋ ಒಂದು ಗೋಡೆ ಬಿದ್ದುಹೋದಂತೆ ಅನ್ನಿಸುತ್ತಿತ್ತು. ಶಾಲು ಹೊದ್ದಿದ್ದ. ಅಮ್ಮ ಬರಿಗಾಲಿನಲ್ಲಿ ಗದ್ದೆಯ ಅಂಚಿನ ಮೇಲೆ ನಡೆದು ಬಂದು ಮುರಕಲ್ಲಿನ ಮೆಟ್ಟಿಲ ಮೇಲೆ ಕೂತವಳು ಎದ್ದಿರಲಿಲ್ಲ. ಸರ್ಪ ಬಿಟ್ಟಿತೆಂದು ವನಜಕ್ಕ ಹೇಳಿದ ಮೇಲೂ ಅವಳು ರಾತ್ರಿ ಉಂಡಿರಲಿಲ್ಲ. ಬನದಲ್ಲಿ ಬರಿಮೈಯನ್ನು ತನ್ನ ಕಣ್ಣಿನಿಂದ ಕಂಡ ಮೇಲೆ ನೋಡುವಾ ಎಂದಿದ್ದಳು. ಹಾಲು, ಎಳನೀರು ಎರೆದದ್ದಾಯಿತು. ಭಟ್ಟರು ಅರಿಶಿನ ಹಚ್ಚಿದ ಅಡಿಕೆ ಹಿಂಗಾರದ ಎಸಳನ್ನು ಎತ್ತಿ ಹಿಡಿದು, ರವಿಚಂದ್ರ ಬರಲಿ, ಸುತ್ತು ಆದ ಜಾಗಕ್ಕೆ ಮುಟ್ಟಿಸಿಕೊಳ್ಳಲಿ, ಎಂದರು. ಅವನು ಮುಂದೆ ಹೋದ. ಶಾಲು ತೆಗೆದ.

ಯಾರೂ ನಗಲಿಲ್ಲ. ಇಪ್ಪತ್ತೈದು ವರ್ಷ ಅವನು ಹೆದರಿದ್ದ ಅಷ್ಟೂ ಕಣ್ಣುಗಳು ಅವನ ಎದೆಯ ಮೇಲೆ ಇದ್ದವು, ಅವುಗಳಲ್ಲಿ ಇದ್ದದ್ದು ಭಕ್ತಿ. "ಬೊಕ್ಕಿ ಕಲಿ ಒಂದೂ ಇಲ್ಲೆ ಕಾಣಿ, ಬರೀ ಹಳ್ದಿ," ಎಂದಿತು ಒಂದು ಹೆಂಗಸಿನ ದನಿ. ರತೀಶ ಹತ್ತಿರ ಬಂದು ನೋಡಿ, "ವಾರ್ದೊಳ್ಗೇ ಸಿಮೆಂಟ್ ಒಡ್ದ್ ತೆಗ್ದದ್ ಒಳ್ಳೇದಾಯ್ತ್ ಅಲ್ದಾ?" ಎಂದ; ಅವನ ಬಲಗೈಯ ಹೆಬ್ಬೆರಳಿನ ಉಗುರು ಏಟು ಬಿದ್ದು ಕಪ್ಪಾಗಿತ್ತು. ರವಿಚಂದ್ರ ಕಂಕುಳನ್ನು ಒತ್ತಿ ಹಿಡಿದ. ಇಷ್ಟೇ. ಹೀಗೇ ಕೈ ಬಿಗಿದು ಇನ್ನು ಹತ್ತು ನಿಮಿಷ ನಿಂತರೆ ಮುಗಿಯಿತು; ಮನೆಗೆ ಹೋಗಿ ಅರಿಶಿನ ಎಲೆಯ ಕಡುಬು ತಿನ್ನುವುದು, ಮುಂದಿನ ವರ್ಷದಿಂದ ಎಲ್ಲರ ಹಾಗೆ ಅಂಗಿಯನ್ನು ರಾಶಿಗೆ ಎಸೆಯುವುದು. ಅವನಿಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ಇದಕ್ಕಿಂತ ಹೆಚ್ಚೇ ಸಿಕ್ಕಿದೆ ಅಲ್ಲವೇ? ಅಷ್ಟರಲ್ಲಿ ಅಮ್ಮ ಚೇತನಾಳ ಭುಜ ಹಿಡಿದು ಎದ್ದು ಬಂದಳು. ಅವನ ಎದೆಯನ್ನು ನೋಡಿದಳು, ನಾಗನ ಕಲ್ಲಿನತ್ತ ತಿರುಗಿ ಕೈಮುಗಿದಳು.

"ನಾಗಾ, ನೀನ್ ನನ್ ಮಗನ್ನ ಬಿಟ್ ಕೊಟ್ಟೆ. ಬಪ್ಪ್ ವರ್ಷದ್ ಪಂಚ್ಮಿ ವರಿಗೂ ನಂಗ್ ಒಪ್ಪತ್ತೇ ಸೈ."

ಒಂದು ವರ್ಷ. ಮಧ್ಯಾಹ್ನ ಒಂದು ಊಟ, ಬೆಳಿಗ್ಗೆ ಒಂದು ಗುಳಿಗೆ, ಸಂಜೆ ಅವನು ಕದ್ದು ಹಾಕುವ ಒಂದು ಚಮಚ ಸಕ್ಕರೆ. ಮೂರು ವಾರಕ್ಕೆ ಹೀಗೆ ಒಳಹೋದ ಕೆನ್ನೆ. ಹೆಂಗಸರು ಅಮ್ಮನನ್ನು ಹೊಗಳುವುದು ಕೇಳುತ್ತಿತ್ತು. ಚೇತನಾ ಅವನನ್ನು ನೋಡುತ್ತಿರಲಿಲ್ಲ, ನೆಲವನ್ನು ನೋಡುತ್ತಿದ್ದಳು, ಅದೇ ಅವನಿಗೆ ತಡೆಯಲಾಗಲಿಲ್ಲ.

"ಅಮ್ಮಾ, ನಂಗೆ ಸರ್ಪಸುತ್ತ್ ಆಯ್ಲೇ ಇಲ್ಲೆ," ಎಂದ. ಮೊದಲ ಸಲ ಯಾರಿಗೂ ಕೇಳಲಿಲ್ಲ. ಎರಡನೆಯ ಸಲ ಬೇಕಾದುದಕ್ಕಿಂತ ದೊಡ್ಡದಾಗಿ ಹೇಳಿದ. ಎರಡೂ ಕೈ ಎತ್ತಿ, ಶರಣಾದವನ ಹಾಗೆ, ಕಂಕುಳ ಕೆಳಗಿನ ಹೊಲಿಗೆ ತೋರಿಸಿದ. "ಡಾಕ್ಟ್ರ ಹತ್ರ ಹೋಯಿ ಎದಿ ಕೊಬ್ ತೆಗ್ಸ್ದೆ. ಸುಳ್ಳ್ ಹೇಳ್ದೆ. ರತೀಶಾ, ನಿನ್ ಸಿಮೆಂಟಿಂದ್ ತಪ್ಪಲ್ಲ."

ಭಟ್ಟರು ಹಿಂಗಾರವನ್ನು ಕೆಳಗಿಡಲೇ ಬೇಡವೇ ಎಂದು ತಿಳಿಯದೆ ಹಿಡಿದೇ ನಿಂತಿದ್ದರು. ಆಮೇಲೆ ರತೀಶ, "ಹಂಗಾರೆ ಆ ಸಿಮೆಂಟ್ ನೀನೇ ಹಾಕಿ ಕೊಡ್ಕ್ ಮಾರಾಯಾ," ಎಂದ; ಹಿಂದಿನಿಂದ ಯಾರೋ ಕಿಸಕ್ಕೆಂದರು, ಅದು ಹರಡಿತು. ಅದೇ ನಗು. ಹದಿಮೂರನೆಯ ವಯಸ್ಸಿನಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾದಂತೆ ಇತ್ತು. ಅಮ್ಮ ಮಾತ್ರ ನಗುವವರ ಕಡೆ ತಿರುಗಲಿಲ್ಲ. ಹತ್ತಿರ ಬಂದು, ಹಾಲು ಎರೆದು ಅಂಟಂಟಾಗಿದ್ದ ತನ್ನ ಅಂಗೈಯನ್ನು ಅವನ ಎದೆಯ ಮೇಲೆ, ಮೊದಲು ಎಡಕ್ಕೆ, ನಂತರ ಬಲಕ್ಕೆ, ಒತ್ತಿ ಇಟ್ಟಳು.

"ಇಲ್ಲಿಯಾ?"

"ಹೌದ್."

"ನೋವಾತ್ತಾ?"

ಅವಳ ಬೆರಳುಗಳು ಚರ್ಮವನ್ನು ಅದುಮುವುದು ಕಾಣುತ್ತಿತ್ತು. ಬಿಸಿಯೋ ತಣ್ಣಗೋ, ನಡುಗುತ್ತಿವೆಯೋ ಇಲ್ಲವೋ, ಏನೂ ತಿಳಿಯುತ್ತಿರಲಿಲ್ಲ. ಇಲ್ಲ ಎಂದರೂ ಸುಳ್ಳು, ಹೌದು ಎಂದರೂ ಸುಳ್ಳು.

"ಗೊತ್ತಾತಿಲ್ಲೆ ಅಮ್ಮ," ಎಂದ.

ಅವಳು ಕೈ ತೆಗೆದು, ಚೇತನಾಳ ಜೊತೆ ಗದ್ದೆಯ ಅಂಚು ಹಿಡಿದು ನಡೆದಳು.

ಆ ದಿನವೆಲ್ಲ ಅವಳು ಅವನೊಡನೆ ಮಾತನಾಡಲಿಲ್ಲ. ಮಧ್ಯಾಹ್ನ ಉಂಡಳು, ಅದು ಒಪ್ಪತ್ತಿನ ಊಟ, ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ. ಕಲ್ಲಿನ ಎದುರು ಆಡಿದ ಮಾತನ್ನು ಅವಳು ಹಿಂದೆ ತೆಗೆದುಕೊಳ್ಳುತ್ತಾಳೆಯೇ? ಸುಳ್ಳಿಗೆ ಹೊತ್ತ ಹರಕೆಯೂ ಹರಕೆಯೇ ಎಂದು ಹಟ ಹಿಡಿದರೆ? ತನ್ನನ್ನು ಶಿಕ್ಷಿಸಲೆಂದೇ ಉಪವಾಸ ಕೂತರೆ? ಸಂಜೆ ಚಾಯಿ ಮಾಡಿದ್ದು ಚೇತನಾ. ಅವನು ಸಕ್ಕರೆಯ ಡಬ್ಬಿಯ ಹತ್ತಿರ ಹೋಗಿ ವಾಪಸು ಬಂದ. ಬಿಗಿ ಬನಿಯನ್ನನ್ನು ಮತ್ತೆ ಹಾಕಿಕೊಂಡ, ಈ ಸಲ ನಲ್ಲಿ ತಿರುಗಿಸಲಿಲ್ಲ. ಏಳೂವರೆಗೆ ಚೇತನಾ ಊಟಕ್ಕೆ ಎರಡು ಬಟ್ಟಲು ಇಟ್ಟಳು. ಅವನು ಕೂತು ಅನ್ನ ಕಲಸಿದ, ಬಾಯಿಗಿಡಲಿಲ್ಲ. ಅಮ್ಮನ ಕೋಣೆಯ ದೀಪ ಉರಿಯುತ್ತಿತ್ತು. ಮಣೆ ಎಳೆಯುವ ಸದ್ದು ಕೇಳಿತು, ಆದರೆ ಅದು ದೇವರ ಮಣೆಯೋ ಊಟದ್ದೋ. ಆಮೇಲೆ ಅವಳು ಆ ಮಣೆಯನ್ನು ಕಾಲಿನಿಂದ ದೂಡುತ್ತಾ ಬಂದು ಅವನ ಎದುರಿಗೇ ಹಾಕಿಕೊಂಡು ಕೂತಳು.

"ನಂಗೂ ಬಡ್ಸ್ ಚೇತನಾ. ಹಿಡಿಯಷ್ಟ್ ಸಾಕ್."

ಮೂರು ತುತ್ತು ಉಂಡಳು. ನಾಲ್ಕನೆಯದನ್ನು ಕಲಸುತ್ತಾ, ಅವನತ್ತ ನೋಡದೆ ಕೇಳಿದಳು:

"ಚಾಯಿಗ್ ಸಕ್ರಿ ಹಾಕ್ತಿದ್ದದ್ ನೀನೇ ಅಲ್ದಾ?"

"ಹೌದ್."

"ನಾ ಇವ್ಳ ಮೇಲೆ ಸಂಶಯ ಮಾಡ್ದೆ," ಎಂದು ಅಮ್ಮ ಮಜ್ಜಿಗೆಯ ಪಾತ್ರೆಗೆ ಕೈ ಚಾಚಿದಳು. "ನಾಳಿಂದ್ ಹಾಕ್ಬೇಡ. ಉಣ್ಣ್ ಈಗ, ತಣೀತ್ತ್."